ಅಪ್ಪಯ್ಯನ ಚಪ್ಪಲಿ ಮತ್ತೆ ಕಳಚಿದಾಗ

ಶಿರಸಿ ಕಡೆಯ ಹಿರಿಯರೊಬ್ಬರ ತಲೆಯೊಳಗಿನ ಹಳೇ ರಕ್ತ ತೆಗೆದು ಐದು ವಾರ ಆಗಿತ್ತು. ಮಗ ಫೋನ್ ಮಾಡಿದರು. "ಡಾಕ್ಟ್ರೇ, ಅಪ್ಪಯ್ಯನ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿಬೀಳ್ತದೆ. ಅವರಿಗೆ ಗೊತ್ತೇ ಆಗೂದಿಲ್ಲ." ಇವತ್ತೇ ಕರೆದುಕೊಂಡು ಬನ್ನಿ ಅಂದೆ. ಸ್ಕ್ಯಾನ್ ಮಾಡಿದರೆ, ಎಡಗಾಲನ್ನು ನಡೆಸುವ ಮಿದುಳಿನ ಬಲಬದಿಯಲ್ಲಿ ರಕ್ತ ಮತ್ತೆ ತುಂಬಿತ್ತು.

"ಆಪರೇಷನ್ ಸರಿ ಆಗಿರಲಿಲ್ವಾ?" ಎಂದು ಮನೆಯವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಆದರೆ ಮಿದುಳು ಮತ್ತು ಅದರ ಹೊರಪೊರೆಯ ನಡುವೆ ನಿಧಾನವಾಗಿ ರಕ್ತ ತುಂಬುವ ಈ ಕಾಯಿಲೆಯ (ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ) ಗುಣವೇ ಹಾಗೆ. ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಮತ್ತೆ ತುಂಬುತ್ತದೆ, ಅದೂ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ.

ಒಣಗಿದ ತೆಂಗಿನಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುತ್ತದೆ, ಅಲ್ವಾ? ವಯಸ್ಸಾದಂತೆ ಮಿದುಳೂ ಹಾಗೆ ಸ್ವಲ್ಪ ಕುಗ್ಗುತ್ತದೆ. ಮಿದುಳಿನಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದುಕೊಂಡು ನಿಲ್ಲುತ್ತವೆ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿದ್ದೋ, ಹಳೇ ಮನೆಯ ತಗ್ಗು ಬಾಗಿಲು ತಲೆಗೆ ತಾಗಿದ್ದೋ ಸಾಕು, ರಕ್ತ ಜಿನುಗುತ್ತದೆ. ಅದರ ಸುತ್ತ ಒಂದು ಪೊರೆ ಬೆಳೆಯುತ್ತದೆ. ಆ ಪೊರೆಯ ಹೊಸ ನಾಳಗಳು ಬಲು ನಾಜೂಕು, ತಾವಾಗಿಯೇ ಸೋರುತ್ತವೆ. ನಾವು ಬುರುಡೆಗೆ ತೂತು ಕೊರೆದು ರಕ್ತ ತೆಗೆಯುತ್ತೇವೆ, ಪೊರೆ ಅಲ್ಲೇ ಉಳಿಯುತ್ತದೆ. ಕುಗ್ಗಿದ ಮಿದುಳು ಬೇಗ ಹಿಗ್ಗಿ ಆ ಜಾಗ ತುಂಬದಿದ್ದರೆ, ರಕ್ತವೇ ತುಂಬುತ್ತದೆ.

ಹಾಗಾಗಿ ತೀರಾ ವಯಸ್ಸಾದವರು, ಕುಡಿತ ಜಾಸ್ತಿ ಇರುವವರು, ಎರಡೂ ಬದಿಯಲ್ಲಿ ರಕ್ತ ಇದ್ದವರು, ಸ್ಕ್ಯಾನ್‌ನಲ್ಲಿ ಹಳೇ ರಕ್ತದ ಜೊತೆ ಹೊಸದೂ ಕಂಡವರು, ಆಪರೇಷನ್ ನಂತರ ಒಳಗೆ ಗಾಳಿ ಜಾಸ್ತಿ ಉಳಿದವರು, ಇವರ ಬಗ್ಗೆ ನನಗೆ ಚಿಂತೆ ಹೆಚ್ಚು.

ಆಪರೇಷನ್ ಆದ ಮೇಲೆ ಉಳಿದ ರಕ್ತ ಹೊರಗೆ ಹರಿಯಲು ಒಂದೆರಡು ದಿನ ಒಂದು ಪೈಪ್ ಇಡುತ್ತೇವೆ. ಅಜ್ಜಂದಿರಿಗೆ ಅದು ದೊಡ್ಡ ಕಿರಿಕಿರಿ, ಎಳೆಯಲು ಹೋಗುತ್ತಾರೆ. ದಯವಿಟ್ಟು ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಪೈಪ್ ಇಡದವರಲ್ಲಿ ಶೇ. 24 ಮಂದಿಗೆ ರಕ್ತ ಮತ್ತೆ ತುಂಬಿತ್ತು, ಇಟ್ಟವರಲ್ಲಿ ಸುಮಾರು ಶೇ. 9 ಮಂದಿಗೆ ಮಾತ್ರ.

ನನ್ನನ್ನು ಹೆಚ್ಚು ಕಾಡುವುದು ರಕ್ತ ತೆಳು ಮಾಡುವ ಮಾತ್ರೆ. ಸ್ಟೆಂಟ್ ಹಾಕಿಸಿಕೊಂಡವರು, ಹೃದಯದ ವಾಲ್ವ್ ಬದಲಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ತಗೊಳ್ಳುತ್ತಿರುತ್ತಾರೆ. ಆಪರೇಷನ್‌ಗೆಂದು ನಿಲ್ಲಿಸಿದ್ದನ್ನು ಬೇಗ ಶುರು ಮಾಡಿದರೆ ತಲೆಯಲ್ಲಿ ರಕ್ತ, ಪೂರ್ತಿ ಬಿಟ್ಟರೆ ಹೃದಯಕ್ಕೆ ಅಪಾಯ. ಯಾವ ದಿನ ಮತ್ತೆ ಶುರು ಮಾಡಬೇಕು ಅನ್ನುವುದನ್ನು ಹೃದಯದ ಡಾಕ್ಟರು, ನಾವು ಸೇರಿ ತೀರ್ಮಾನಿಸಬೇಕು. ಮಂಡಿ ನೋವಿಗೆ ಸುಮ್ನೆ ಅಂಗಡಿಯಿಂದ ತರುವ ಮಾತ್ರೆಗಳಲ್ಲೂ ಕೆಲವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಚೀಲದಲ್ಲಿ ತುಂಬಿಕೊಂಡು ಬನ್ನಿ.

ಮಿದುಳಿನ ಹೊರಪೊರೆಗೆ ರಕ್ತ ಕೊಡುವ ನಾಳವನ್ನು ಒಳಗಿಂದಲೇ ಮುಚ್ಚುವ ಚಿಕಿತ್ಸೆ ಈಗ ಬಂದಿದೆ. 2024ರಲ್ಲಿ ಪ್ರಕಟವಾದ ಫಲಿತಾಂಶ ಚೆನ್ನಾಗಿದೆ, ಆದರೆ ಅದಕ್ಕೆ ದೊಡ್ಡ ಊರಿಗೇ ಹೋಗಬೇಕು.

ಕಾರವಾರ, ಕುಮಟಾದವರಿಗೆ ದಾರಿಯೂ ಒಂದು ಕಷ್ಟ. ಜೋರು ಮಳೆಗೆ ಘಟ್ಟದಲ್ಲಿ ಗುಡ್ಡ ಕುಸಿದರೆ ಹುಬ್ಬಳ್ಳಿ ದೂರವಾಗುತ್ತದೆ. ಅದಕ್ಕೇ ಹೊಸದಾಗಿ ತಲೆನೋವು, ಹಗಲೆಲ್ಲ ಮಂಪರು, ಮಾತು ತಡವರಿಸುವುದು, ಒಂದು ಕಾಲು ಎಳೆಯುವುದು ಕಂಡರೆ "ವಯಸ್ಸಾಯ್ತಲ್ಲ" ಎಂದು ಕಾಯಬೇಡಿ.

ಆ ಹಿರಿಯರು ಮನೆಗೆ ಹೋದ ಎರಡನೇ ವಾರವೇ ತಾವಾಗಿಯೇ ಆಸ್ಪಿರಿನ್ ಶುರು ಮಾಡಿದ್ದರು. ಯಾವಾಗ ಶುರು ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ನಾವು ಸ್ಪಷ್ಟವಾಗಿ ಬರೆದಿರಲಿಲ್ಲ. ಅದೇ ತೂತಿನಿಂದ ರಕ್ತ ಮತ್ತೆ ತೆಗೆದೆವು. ಈ ಸಲ ತಾರೀಖನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಮಗನ ಕೈಗೆ ಕೊಟ್ಟೆ.