ಲಿಂಗನಮಕ್ಕಿಯ ನೀರಿಗೆ ಬೆಲೆ ಎಷ್ಟು?

ಮನೆಯ ಮೇಲಿರುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಲಿಂಗನಮಕ್ಕಿ ಜಲಾಶಯದ ಅಷ್ಟು ನೀರು ಶರಾವತಿ ಕಣಿವೆಯಲ್ಲಿ ಸುಮಾರು 440 ಮೀಟರ್ ಕೆಳಗಿಳಿದು ಟರ್ಬೈನ್ ತಿರುಗಿಸಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು ಸಿಗುತ್ತದೆ. ಅದೇ ಒಂದು ಯೂನಿಟ್ ರಾಯಚೂರಿನಲ್ಲಿ ಬೇಕೆಂದರೆ ಅರ್ಧ ಕಿಲೋಗಿಂತ ಜಾಸ್ತಿ ಕಲ್ಲಿದ್ದಲು ಸುಡಬೇಕು. ಕಲ್ಲಿದ್ದಲಿಗೆ ಬಿಲ್ ಬರುತ್ತದೆ. ಮಳೆ ನೀರಿಗೆ ಯಾರೂ ಬಿಲ್ ಕಳಿಸುವುದಿಲ್ಲ. ಹಾಗಾದರೆ ಆ ನೀರು ಪುಕ್ಕಟೆಯೇ? ನನ್ನ ಸಂಶೋಧನೆಯ ಇಷ್ಟು ವರ್ಷಗಳೂ ಈ ಪ್ರಶ್ನೆಯ ಸುತ್ತಲೇ ಕಳೆದಿವೆ.

ಕಲ್ಲಿದ್ದಲು ಘಟಕಗಳ ಲೆಕ್ಕ ಅಷ್ಟು ಕಷ್ಟವಲ್ಲ. ಯಾವುದು ಅಗ್ಗವೋ ಅದು ಮೊದಲು ಓಡಬೇಕು, ದುಬಾರಿಯದು ಕೊನೆಗೆ. ಇದಕ್ಕೆ ಮೆರಿಟ್ ಆರ್ಡರ್ ಅನ್ನುತ್ತೇವೆ. ಲೈನುಗಳು ಹೊರುವ ಭಾರಕ್ಕೂ ಮಿತಿ ಇರುವುದರಿಂದ ಅಗ್ಗದ ಕರೆಂಟು ಬೇಕಾದ ಕಡೆಗೆಲ್ಲ ತಲುಪುವುದಿಲ್ಲ. ಅದನ್ನೂ ಸೇರಿಸಿದ ಗಣಿತವನ್ನು ಫ್ರಾನ್ಸಿನ ಕಾರ್ಪಾಂಟಿಯೆ 1962ರಲ್ಲೇ ಬರೆದಿಟ್ಟರು. ನಾನು ಕಲಿಯಲು ಶುರು ಮಾಡಿದ್ದೂ ಅಲ್ಲಿಂದಲೇ.

ನೀರಿನ ವಿಷಯಕ್ಕೆ ಬಂದಾಗ ದೊಡ್ಡ ತಪ್ಪು ಮಾಡಿದೆ. ಅಂಕಿಅಂಶಗಳು ಹಣಕಾಸು ವರ್ಷದ ಪ್ರಕಾರ ಸಿಕ್ಕಿದ್ದವು. ಯಾವಾಗ ಎಷ್ಟು ನೀರು ಬಿಡಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಅನ್ನೂ ಏಪ್ರಿಲ್ 1ರಿಂದ ಮಾರ್ಚ್ 31ಕ್ಕೆ ಬರೆದೆ. ಖರ್ಚು ಚೆನ್ನಾಗಿ ಇಳಿಯಿತು, ಖುಷಿಯಾಯಿತು. ಪ್ರಿಂಟ್ ತೆಗೆದುಕೊಂಡು ಹೋಗಿ ಒಬ್ಬ ಹಿರಿಯ ಆಪರೇಟರ್ ಮುಂದಿಟ್ಟೆ. ಲೋಡ್ ಡಿಸ್ಪ್ಯಾಚ್, ಅಂದರೆ ಯಾವ ಘಟಕ ಯಾವಾಗ ಎಷ್ಟು ಓಡಬೇಕೆಂದು ಹೇಳುವ ಕೆಲಸದಲ್ಲೇ ಕೂದಲು ನೆರೆತವರು. ಅವರು ಖರ್ಚಿನ ಸಾಲಿನ ಮೇಲೆ ಕಣ್ಣೂ ಹಾಯಿಸಲಿಲ್ಲ. ಕೊನೆಯ ಹಾಳೆಗೆ ಹೋಗಿ ನೀರಿನ ಮಟ್ಟದ ಮೇಲೆ ಬೆರಳಿಟ್ಟು ಕೇಳಿದರು: "ಏನಪ್ಪಾ, ಮಾರ್ಚ್ 31ಕ್ಕೆ ಡ್ಯಾಮ್ ಬರಿದು ಮಾಡಿಬಿಟ್ಟಿದ್ದೀಯಲ್ಲ. ಏಪ್ರಿಲ್‌ನಲ್ಲಿ ರೈತರ ಮೋಟರಿಗೆ ಏನು ಕೊಡ್ತೀಯ?"

ನೀರಿಗೆ ಬೆಲೆಯೇ ಇಲ್ಲ ಅಂತ ಹೇಳಿಕೊಟ್ಟಿದ್ದೆ. ಏಪ್ರಿಲ್ 1 ಅನ್ನುವ ದಿನ ಇದೆ ಅಂತಲೂ ಹೇಳಿರಲಿಲ್ಲ. ಕಂಪ್ಯೂಟರ್ ಇದ್ದಬದ್ದ ನೀರನ್ನೆಲ್ಲ ಹರಿಸಿತು. ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ನೀರಿಗೆ ಬೆಲೆ ಎಷ್ಟು ಅನ್ನುವುದಕ್ಕೆ ಉತ್ತರ ಹೀಗಿದೆ. ಇವು ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳು, ಅಷ್ಟೆ. ನವೆಂಬರಿನಲ್ಲಿ ಕಲ್ಲಿದ್ದಲಿನ ಕರೆಂಟು ಯೂನಿಟ್ಟಿಗೆ 4 ರೂಪಾಯಿ. ಏಪ್ರಿಲ್‌ನಲ್ಲಿ ಕೊರತೆ ಬಿದ್ದರೆ ಹೊರಗಿನಿಂದ 9 ರೂಪಾಯಿಗೆ ಕೊಳ್ಳಬೇಕು, ಬೀಳದಿದ್ದರೆ 3 ರೂಪಾಯಿಗೆ ಸಿಗುತ್ತದೆ. ಹತ್ತರಲ್ಲಿ ಆರು ವರ್ಷ ಕೊರತೆ ಬೀಳುತ್ತದೆ ಅನ್ನಿ. ಆಗ ಹಿಡಿದಿಟ್ಟ ಒಂದು ಟ್ಯಾಂಕ್ ನೀರಿನ ಬೆಲೆ ಸರಾಸರಿ 6 ರೂಪಾಯಿ 60 ಪೈಸೆ. ನವೆಂಬರಿನಲ್ಲಿ ಬಿಟ್ಟರೆ ಉಳಿಯುವುದು 4 ರೂಪಾಯಿ ಮಾತ್ರ. ಹಿಡಿದಿಡುವುದೇ ಸರಿ. ಕೊರತೆ ಹತ್ತರಲ್ಲಿ ಒಂದೇ ವರ್ಷ ಅನ್ನುವುದಾದರೆ ಬೆಲೆ 3 ರೂಪಾಯಿ 60 ಪೈಸೆಗೆ ಇಳಿಯುತ್ತದೆ. ಆಗ ಇವತ್ತೇ ಬಿಡಬೇಕು. ನೀರು ಅದೇ, ಅಣೆಕಟ್ಟು ಅದೇ. ನಾಳೆಯ ಬಗ್ಗೆ ನಮ್ಮ ಅಂದಾಜು ಬದಲಾದರೆ ಬೆಲೆಯೂ ಬದಲಾಗುತ್ತದೆ.

ಹಾಗಂತ ಸುಮ್ನೆ ಹಿಡಿದಿಟ್ಟುಕೊಂಡು ಕೂರುವಂತೆಯೂ ಇಲ್ಲ. ಮಳೆಗಾಲ ಜೋರಾಗಿ ಲಿಂಗನಮಕ್ಕಿ ತನ್ನ ಪೂರ್ಣ ಮಟ್ಟವಾದ 1819 ಅಡಿಗೆ ತುಂಬಿದರೆ ಗೇಟು ತೆಗೆಯಲೇಬೇಕು. ಆಗ ಜೋಗಕ್ಕೆ ಜನ ಮುಗಿಬೀಳುತ್ತಾರೆ. ನನಗೂ ತುಂಬಿದ ಜೋಗ ನೋಡಲು ಆಸೆ, ಯಾರಿಗಿಲ್ಲ? ಆದರೆ ಶರಾವತಿಯ ಯಂತ್ರಗಳನ್ನು ಮುಟ್ಟದೆ ಹೋಗುವ ಆ ನೀರನ್ನು ಕಂಡಾಗ ಟ್ಯಾಂಕುಗಳನ್ನು ಎಣಿಸದೆ ಇರಲಾರೆ.

ಒಂದೇ ಅಣೆಕಟ್ಟಾದರೆ ಇದನ್ನು ಕಾಗದದ ಮೇಲೂ ಬಿಡಿಸಬಹುದು. ಪ್ರತಿ ಜಲಾಶಯದ ಮಟ್ಟವನ್ನು 20 ಮೆಟ್ಟಿಲುಗಳಾಗಿ ಭಾಗ ಮಾಡಿ. ಲಿಂಗನಮಕ್ಕಿ, ಸೂಪಾ, ಮಾಣಿ ಮೂರೂ ಸೇರಿದರೆ 8000 ಸ್ಥಿತಿಗಳು, ಅಂದರೆ ಮಟ್ಟಗಳ ಬೇರೆ ಬೇರೆ ಜೋಡಣೆಗಳು. ಹತ್ತು ಜಲಾಶಯಗಳಾದರೆ ಹತ್ತು ಲಕ್ಷ ಕೋಟಿ ದಾಟುತ್ತದೆ. ಯಾವ ಕಂಪ್ಯೂಟರಿಗೂ ಇದು ಹುಡುಗಾಟವಲ್ಲ. ದಾರಿ ತೋರಿಸಿದ್ದು ಬ್ರೆಜಿಲ್. ಅಲ್ಲಿಯ ಕರೆಂಟಿನ ಬಹುಪಾಲು ನದಿಗಳಿಂದಲೇ ಬರುತ್ತದೆ, ಹಾಗಾಗಿ ತುರ್ತೂ ಅವರಿಗೇ ಜಾಸ್ತಿ ಇತ್ತು. ಪೆರೇರಾ ಮತ್ತು ಪಿಂಟೊ 1991ರಲ್ಲಿ ಪ್ರಕಟಿಸಿದ ವಿಧಾನ ಎಲ್ಲ ಸ್ಥಿತಿಗಳನ್ನೂ ತಡಕುವುದಿಲ್ಲ. ಕೆಲವು ಮಳೆಗಾಲಗಳನ್ನು ಊಹಿಸಿಕೊಂಡು ತಿಂಗಳಿಂದ ತಿಂಗಳಿಗೆ ಮುಂದೆ ನಡೆಯುತ್ತದೆ. ಆಮೇಲೆ ಅದೇ ದಾರಿಯಲ್ಲಿ ಹಿಂದೆ ಬರುತ್ತಾ ಪ್ರತಿ ತಿಂಗಳ ನೀರಿನ ಬೆಲೆಯನ್ನು ತಿದ್ದುತ್ತದೆ. ಬೆಲೆ ಬದಲಾಗುವುದು ನಿಲ್ಲುವವರೆಗೂ ಹೀಗೇ ಹೋಗಿ ಬರುತ್ತದೆ. ಮೊದಲ ಸಲ ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಈಗ ಸಮಸ್ಯೆಯೇ ಹೊಸ ರೂಪ ತಾಳಿದೆ. ಪಾವಗಡದ ಸೋಲಾರ್ ಪಾರ್ಕ್ ಒಂದರದ್ದೇ ಸಾಮರ್ಥ್ಯ 2050 ಮೆಗಾವಾಟ್. ಸೂರ್ಯ ಇಳಿದಂತೆ ಅದೂ ಇಳಿಯುತ್ತದೆ, ಮನೆಮನೆಯಲ್ಲಿ ದೀಪ ಹತ್ತುವುದೂ ಅದೇ ಹೊತ್ತಿಗೆ. ಆರಿದ ಬಾಯ್ಲರ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಶರಾವತಿಯ ಹತ್ತು ಯಂತ್ರಗಳು, ಒಟ್ಟು 1035 ಮೆಗಾವಾಟ್, ಕೆಲವೇ ನಿಮಿಷಗಳಲ್ಲಿ ಓಡಲು ಸಿದ್ಧ. ಬಿಸಿಲಿನ ಕರೆಂಟು ಮಿಕ್ಕಿರುವ ಮಧ್ಯಾಹ್ನ ನೀರು ಬಿಟ್ಟರೆ ಏನು ಉಳಿದೀತು? ಸಂಜೆ ಏಳಕ್ಕೆ ಬಿಟ್ಟರೆ ದಿನದ ಅತಿ ದುಬಾರಿ ಯೂನಿಟ್ ಉಳಿಯುತ್ತದೆ. ಮೊದಲು ತಿಂಗಳುಗಳ ಲೆಕ್ಕ ಸಾಕಿತ್ತು. ಈಗ ತಿಂಗಳ ಒಳಗೆ ಗಂಟೆಗಳನ್ನೂ ಕೂರಿಸಬೇಕು. ನನ್ನ ಪ್ರಕಾರ ಮುಂದಿನ ಹತ್ತು ವರ್ಷ ಈ ಕ್ಷೇತ್ರಕ್ಕೆ ಬರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ವಿದ್ಯಾರ್ಥಿಗಳು ಫಲಿತಾಂಶ ತಂದಾಗ ನಾನೂ ಮೊದಲು ಕೊನೆಯ ಹಾಳೆಯನ್ನೇ ತೆರೆಯುತ್ತೇನೆ. ಮೊನ್ನೆ ಒಬ್ಬಳು ತಂದಿದ್ದರಲ್ಲಿ ಮೇ 31ಕ್ಕೆ ಸಾಕಷ್ಟು ನೀರು ಉಳಿದಿತ್ತು. ಯಾಕಮ್ಮ ಇಷ್ಟು ಉಳಿಸಿದೆ ಅಂದೆ. "ಮುಂಗಾರು ಹದಿನೈದು ದಿನ ತಡವಾದರೆ ಅಂತ ಅದನ್ನೂ ಸೇರಿಸಿದೆ ಸರ್" ಅಂದಳು. ಅದನ್ನು ಸೇರಿಸು ಅಂತ ನಾನು ಹೇಳಿರಲಿಲ್ಲ.