ಪಾದ್ರಿ ‘ಇವರಿಗೇ ವೋಟು ಹಾಕಿ’ ಅಂದರೆ ಚರ್ಚಿನ ತೆರಿಗೆ ವಿನಾಯಿತಿ ಹೋಗುತ್ತಾ?

ಪ್ರಶ್ನೆ: ಅಮೆರಿಕದಲ್ಲಿ ಚರ್ಚು, ದೇವಸ್ಥಾನ, ಮಸೀದಿಗಳಿಗೆ ತೆರಿಗೆ ಇಲ್ಲ. ಅದಕ್ಕೆ ಬದಲಾಗಿ ಅವು ಚುನಾವಣೆಯಲ್ಲಿ ಯಾರ ಪರವೂ ಪ್ರಚಾರ ಮಾಡುವ ಹಾಗಿಲ್ಲ ಅಂತ ಕೇಳಿದ್ದೇನೆ. ಆದರೆ ಪ್ರತಿ ಚುನಾವಣೆಯಲ್ಲೂ ಅಭ್ಯರ್ಥಿಗಳು ಚರ್ಚಿನೊಳಗೆ ನಿಂತು ಮಾತಾಡುವುದನ್ನು ಟಿವಿಯಲ್ಲಿ ನೋಡುತ್ತೇವೆ. ಈ ಕಾನೂನು ನಿಜವಾಗಿ ಇದೆಯೋ ಇಲ್ಲವೋ?

ಇದೆ. 1954ರಿಂದ ಇದೆ. ಆದರೆ ಇದನ್ನು ಮುರಿದು ವಿನಾಯಿತಿ ಕಳೆದುಕೊಂಡ ಚರ್ಚು ಯಾವುದು ಅಂತ ಹುಡುಕಿದರೆ ಎಲ್ಲರೂ ತೋರಿಸುವುದು ಒಂದೇ ಒಂದು ಹೆಸರನ್ನು. ಆ ಕಥೆಗೆ ಆಮೇಲೆ ಬರೋಣ. ಮೊದಲು ‘ತೆರಿಗೆ ಇಲ್ಲ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ವಿನಾಯಿತಿ ಅಂದರೆ ಒಂದೇ ಅಲ್ಲ. ಚರ್ಚಿಗೆ ಬರುವ ಕಾಣಿಕೆ, ದೇಣಿಗೆಯ ಮೇಲೆ ಫೆಡರಲ್ ಆದಾಯ ತೆರಿಗೆ ಇಲ್ಲ. ಇದು ಮೊದಲನೆಯದು. ಕಟ್ಟಡ ಮತ್ತು ಜಾಗದ ಮೇಲೆ ಆಸ್ತಿ ತೆರಿಗೆ ಇಲ್ಲ. ಇದನ್ನು ಕೊಡುವುದು ಐಆರ್‌ಎಸ್ (ಅಮೆರಿಕದ ಫೆಡರಲ್ ತೆರಿಗೆ ಇಲಾಖೆ) ಅಲ್ಲ, ಆಯಾ ರಾಜ್ಯ ಮತ್ತು ಸ್ಥಳೀಯ ಆಡಳಿತ. ಇದು ಸಂವಿಧಾನಕ್ಕೆ ವಿರುದ್ಧ ಅಂತ ನ್ಯೂಯಾರ್ಕಿನ ಒಬ್ಬರು ಕೋರ್ಟಿಗೆ ಹೋಗಿದ್ದರು. 1970ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮೂರನೆಯದು ದೇಣಿಗೆ ಕೊಟ್ಟವರಿಗೆ ಸಿಗುವ ಲಾಭ. ಅವರು ಆ ಮೊತ್ತವನ್ನು ತಮ್ಮ ಆದಾಯದಿಂದ ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟಬಹುದು. ನನ್ನ ಪ್ರಕಾರ ಇಡೀ ಜಗಳದ ಬೇರು ಇರುವುದು ಈ ಮೂರನೆಯದರಲ್ಲಿ. ಟಿವಿ ಚರ್ಚೆಗಳಲ್ಲಿ ಮಾತ್ರ ಇದರ ಸುದ್ದಿಯೇ ಬರುವುದಿಲ್ಲ.

ಈಗ ಕಾನೂನು. ಅದು ಚರ್ಚುಗಳಿಗಾಗಿಯೇ ಮಾಡಿದ್ದಲ್ಲ. 1954ರಲ್ಲಿ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಿಂದ ಸೆನೆಟರ್ ಆಗಿದ್ದರು. ಮತ್ತೆ ಚುನಾವಣೆಗೆ ನಿಂತಿದ್ದರು. ಕಮ್ಯುನಿಸಂ ವಿರೋಧಿಸುವ ಕೆಲವು ಸಂಸ್ಥೆಗಳು ತೆರಿಗೆ ವಿನಾಯಿತಿಯನ್ನೂ ಪಡೆದುಕೊಂಡು, ಜಾನ್ಸನ್ ವಿರುದ್ಧ ಕರಪತ್ರವನ್ನೂ ಹಂಚುತ್ತಿದ್ದವು. ಅವರಿಗೆ ಸಿಟ್ಟು ಬಂತು. ಜುಲೈ 2ರಂದು ಸೆನೆಟ್‌ನಲ್ಲಿ ಒಂದು ಸಣ್ಣ ತಿದ್ದುಪಡಿ ತಂದರು. ತೆರಿಗೆ ಕಾನೂನಿನ 501(ಸಿ)(3) ಅನ್ನುವ ಕಲಮಿನಡಿ ವಿನಾಯಿತಿ ಪಡೆದ ಯಾವ ಸಂಸ್ಥೆಯೂ ಚುನಾವಣೆಯಲ್ಲಿ ಅಭ್ಯರ್ಥಿಯ ಪ್ರಚಾರಕ್ಕೆ ಇಳಿಯಬಾರದು ಅಂತ. ಚರ್ಚೆಯೇ ಆಗದೆ ಅದು ಪಾಸಾಯಿತು. ಆಗಸ್ಟಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದರು. ಅದೇ ಕಲಮಿನಡಿ ಆಸ್ಪತ್ರೆ, ವಿಶ್ವವಿದ್ಯಾಲಯ, ಮ್ಯೂಸಿಯಂಗಳ ಜೊತೆ ಚರ್ಚುಗಳೂ ಇದ್ದವು. ಹಾಗಾಗಿ ಅವೂ ಒಳಗೆ ಬಂದವು. 1987ರಲ್ಲಿ ಅಭ್ಯರ್ಥಿಯ ‘ವಿರುದ್ಧ’ ಪ್ರಚಾರವೂ ಕೂಡದು ಅಂತ ಸ್ಪಷ್ಟವಾಗಿ ಸೇರಿಸಿದರು.

ನೀವು ಟಿವಿಯಲ್ಲಿ ನೋಡಿದ್ದರಲ್ಲಿ ಎಷ್ಟೋ ಭಾಗ ಕಾನೂನುಬದ್ಧವೇ ಇರಬಹುದು. ಗೊಂದಲ ಶುರುವಾಗುವುದೇ ಇಲ್ಲಿ. ಗರ್ಭಪಾತ, ಯುದ್ಧ, ವಲಸೆ, ಬಡತನ, ಯಾವ ವಿಷಯದ ಬಗ್ಗೆ ಬೇಕಾದರೂ ಪಾದ್ರಿ ಗಟ್ಟಿಯಾಗಿ ಮಾತಾಡಬಹುದು. ಒಂದು ಮಸೂದೆ ಬೇಕು ಅಥವಾ ಬೇಡ ಅಂತ ಶಾಸಕರ ಮೇಲೆ ಒತ್ತಡವನ್ನೂ ತರಬಹುದು, ಸಂಸ್ಥೆಯ ಕೆಲಸದಲ್ಲಿ ಅದೇ ದೊಡ್ಡ ಪಾಲಾಗದಿದ್ದರೆ ಸಾಕು. ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಪ್ರಾರ್ಥನೆ ಮುಗಿಸಿ ಬಸ್ಸಿನಲ್ಲಿ ಎಲ್ಲರನ್ನೂ ಮತಗಟ್ಟೆಗೆ ಕರೆದೊಯ್ಯಬಹುದು. ಕರಿಯರ ಚರ್ಚುಗಳಲ್ಲಿ ಭಾನುವಾರದ ಈ ಪದ್ಧತಿಗೆ ‘ಸೋಲ್ಸ್ ಟು ದ ಪೋಲ್ಸ್’ ಅಂತ ಹೆಸರೇ ಇದೆ. ಯಾರಿಗೆ ವೋಟು ಹಾಕಬೇಕು ಅಂತ ಬಸ್ಸಿನಲ್ಲಿ ಹೇಳಿಕೊಡಬಾರದು, ಅಷ್ಟೇ.

ಅಭ್ಯರ್ಥಿಯನ್ನು ಕರೆಸುವುದೂ ತಪ್ಪಲ್ಲ. ಅಭ್ಯರ್ಥಿ ಅಂತಲೇ ಕರೆಸಿದರೆ ಎದುರಾಳಿಗೂ ಅಷ್ಟೇ ಅವಕಾಶ ಕೊಡಬೇಕು. ಒಬ್ಬರನ್ನು ಜನ ಕಿಕ್ಕಿರಿದ ದೊಡ್ಡ ಸಮಾರಂಭಕ್ಕೆ ಕರೆದು, ಇನ್ನೊಬ್ಬರನ್ನು ಖಾಲಿ ಕುರ್ಚಿಗಳಿರುವ ಸಭೆಗೆ ಕರೆದರೆ ಅದು ಸಮಾನ ಅವಕಾಶ ಆಗುವುದಿಲ್ಲ. ಇದು ನನ್ನ ಮಾತಲ್ಲ, ಐಆರ್‌ಎಸ್ ತನ್ನ ಮಾರ್ಗದರ್ಶಿಯಲ್ಲೇ ಹೇಳಿರುವುದು. ಅಭ್ಯರ್ಥಿ ಸುಮ್ನೆ ಭಕ್ತರಾಗಿ ಬಂದು ಕೂತರೆ ಯಾರ ತಕರಾರೂ ಇಲ್ಲ.

ಆ ಮಾರ್ಗದರ್ಶಿಯಲ್ಲಿ ಪಾದ್ರಿಗಳ ಬಗ್ಗೆ ಕೆಲವು ಕಾಲ್ಪನಿಕ ಉದಾಹರಣೆಗಳಿವೆ. ಓದಲು ಮಜವಾಗಿವೆ. ಒಬ್ಬ ಪಾದ್ರಿ ಅಭ್ಯರ್ಥಿಯ ಪ್ರಚಾರ ಕಚೇರಿಗೇ ಹೋಗಿ, ಪತ್ರಕರ್ತರ ಮುಂದೆ ನಿಂತು ‘ನನ್ನ ಬೆಂಬಲ ಇವರಿಗೆ’ ಅನ್ನುತ್ತಾರೆ. ತಪ್ಪಿಲ್ಲ. ಇನ್ನೊಬ್ಬರ ಹೆಸರು, ಹುದ್ದೆ ಎರಡೂ ಅಭ್ಯರ್ಥಿಯ ಪತ್ರಿಕಾ ಜಾಹೀರಾತಿನಲ್ಲಿ ಬರುತ್ತದೆ. ಹಣ ಚರ್ಚಿನದಲ್ಲ, ಹುದ್ದೆ ಹಾಕಿರುವುದು ಗುರುತಿಗೆ ಮಾತ್ರ ಅಂತ ಕೆಳಗೆ ಬರೆದಿದೆ. ಅದೂ ತಪ್ಪಲ್ಲ. ಮತ್ತೊಬ್ಬರು ಚರ್ಚಿನ ಪತ್ರಿಕೆಯ ತಮ್ಮ ಅಂಕಣದಲ್ಲಿ ಅಭ್ಯರ್ಥಿಗೆ ಬೆಂಬಲ ಬರೆಯುತ್ತಾರೆ. ಆ ಪುಟದ ಖರ್ಚನ್ನು ಸ್ವಂತ ಜೇಬಿನಿಂದ ಕೊಟ್ಟಿರುತ್ತಾರೆ. ಆದರೂ ತಪ್ಪು! ಪತ್ರಿಕೆ ಚರ್ಚಿನದು ಅಲ್ವಾ? ಪ್ರಾರ್ಥನೆಯ ನಡುವೆ ನಿಂತು ‘ಇಂಥವರಿಗೆ ವೋಟು ಹಾಕಿ’ ಅನ್ನುವುದು ನೇರ ಉಲ್ಲಂಘನೆ. ಅಂದರೆ ಪಾದ್ರಿಗೆ ಒಬ್ಬ ನಾಗರಿಕನಾಗಿ ಯಾವ ತಡೆಯೂ ಇಲ್ಲ. ಸಂಸ್ಥೆಯ ವೇದಿಕೆ, ಸಂಸ್ಥೆಯ ಪತ್ರಿಕೆ, ಸಂಸ್ಥೆಯ ದುಡ್ಡು ಬಳಸಬಾರದು.

ಈಗ ಆ ಒಂದೇ ಒಂದು ಚರ್ಚಿನ ಕಥೆ. ನ್ಯೂಯಾರ್ಕ್ ರಾಜ್ಯದ ಬಿಂಗಮ್ಟನ್ ಹತ್ತಿರದ ಪಿಯರ್ಸ್ ಕ್ರೀಕ್ ಚರ್ಚು. 1992ರ ಅಕ್ಟೋಬರ್ 30, ಅಧ್ಯಕ್ಷೀಯ ಚುನಾವಣೆಗೆ ನಾಲ್ಕೇ ದಿನ. ಅವತ್ತು ‘ಯುಎಸ್‌ಎ ಟುಡೇ’ ಮತ್ತು ‘ವಾಷಿಂಗ್ಟನ್ ಟೈಮ್ಸ್’ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಬಂತು. ಬಿಲ್ ಕ್ಲಿಂಟನ್‌ಗೆ ವೋಟು ಹಾಕಬೇಡಿ ಅಂತ ಕ್ರೈಸ್ತರನ್ನು ಎಚ್ಚರಿಸುವ ಜಾಹೀರಾತು. ಇಷ್ಟೇ ಆಗಿದ್ದರೆ ಏನಾಗುತ್ತಿತ್ತೋ. ಕೆಳಗೆ ಇನ್ನೂ ಒಂದು ಮಾತಿತ್ತು: ಈ ಜಾಹೀರಾತಿಗೆ ದೇಣಿಗೆ ಕೊಡಿ, ನಿಮಗೆ ತೆರಿಗೆ ಕಡಿತ ಸಿಗುತ್ತದೆ, ಹಣ ಚರ್ಚಿಗೆ ಕಳಿಸಿ. ಇಷ್ಟು ಬಹಿರಂಗವಾಗಿ ಬರೆದುಕೊಟ್ಟರೆ ಐಆರ್‌ಎಸ್ ಕಣ್ಣು ಮುಚ್ಚಿಕೊಳ್ಳುವುದಾದರೂ ಹೇಗೆ? 1995ರಲ್ಲಿ ವಿನಾಯಿತಿಯ ಮಾನ್ಯತೆ ರದ್ದಾಯಿತು. 2000ದಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟು ಅದನ್ನು ಎತ್ತಿಹಿಡಿಯಿತು.

ಆದರೆ ಅದೇ ತೀರ್ಪಿನಲ್ಲಿ ಒಂದು ವಿಚಿತ್ರವಿದೆ. ಈ ರದ್ದತಿ ನಿಜವಾದ ಶಿಕ್ಷೆ ಅನ್ನುವುದಕ್ಕಿಂತ ಸಾಂಕೇತಿಕ ಅಂತ ಕೋರ್ಟೇ ಹೇಳಿತು. ಕಾರಣ ಇಷ್ಟೆ. ಬೇರೆ ಸಂಸ್ಥೆಗಳು ವಿನಾಯಿತಿಗೆ ಅರ್ಜಿ ಹಾಕಬೇಕು. ಚರ್ಚು ಹಾಕಬೇಕಿಲ್ಲ, ಕಾನೂನಿನಲ್ಲೇ ಅದಕ್ಕೆ ತಾನಾಗಿ ವಿನಾಯಿತಿ ಇದೆ. ಹಾಗಾಗಿ ಪ್ರಚಾರ ನಿಲ್ಲಿಸಿದರೆ ಅದು ಮತ್ತೆ ವಿನಾಯಿತಿ ಇರುವ ಸಂಸ್ಥೆಯಾಗಿ ಮುಂದುವರಿಯಬಹುದು.

ತನಿಖೆ ಮಾಡುವುದೂ ಸುಲಭವಲ್ಲ. 1984ರಲ್ಲಿ ಸಂಸತ್ತು ಚರ್ಚುಗಳಿಗೆ ವಿಶೇಷ ರಕ್ಷಣೆ ಕೊಟ್ಟಿತು. ಖಜಾನೆ ಇಲಾಖೆಯ ಮೇಲಧಿಕಾರಿಯೊಬ್ಬರು ತಪ್ಪು ನಡೆದಿರಬಹುದು ಅಂತ ನಂಬಲು ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಆಮೇಲೆಯೇ ವಿಚಾರಣೆ. ಎಷ್ಟು ಮೇಲಿನ ಅಧಿಕಾರಿ? 2009ರಲ್ಲಿ ಮಿನ್ನೆಸೋಟದ ಒಂದು ಚರ್ಚು ಇದೇ ಪ್ರಶ್ನೆ ಎತ್ತಿತು. ಸಹಿ ಹಾಕಿದ ಅಧಿಕಾರಿಯ ಹುದ್ದೆ ಸಾಕಷ್ಟು ದೊಡ್ಡದಲ್ಲ ಅಂತ ಕೋರ್ಟು ಐಆರ್‌ಎಸ್ ಅನ್ನು ಬರಿಗೈಯಲ್ಲಿ ಕಳಿಸಿತು.

ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಇನ್ನೊಂದು ಪ್ರಸಂಗ. 2004ರ ಚುನಾವಣೆಗೆ ಮುಂಚಿನ ಭಾನುವಾರ ಆಲ್ ಸೇಂಟ್ಸ್ ಚರ್ಚಿನಲ್ಲಿ ನಿವೃತ್ತ ಪಾದ್ರಿಯೊಬ್ಬರು ಪ್ರವಚನ ಕೊಟ್ಟರು. ಆ ಚುನಾವಣೆಯ ಅಭ್ಯರ್ಥಿಗಳಾದ ಬುಷ್ ಮತ್ತು ಕೆರಿ ಜೊತೆ ಯೇಸು ವಾದಕ್ಕೆ ನಿಂತಿದ್ದರೆ ಏನು ಹೇಳುತ್ತಿದ್ದರು ಅನ್ನುವುದು ವಿಷಯ. ಯಾರಿಗೆ ವೋಟು ಹಾಕಬೇಕೆಂದು ಹೇಳುವುದಿಲ್ಲ ಅಂತಲೇ ಶುರು ಮಾಡಿ, ಇರಾಕ್ ಯುದ್ಧವನ್ನು ಚೆನ್ನಾಗಿ ಝಾಡಿಸಿದರು. ಐಆರ್‌ಎಸ್ ಪತ್ರ ಬಂತು. 2007ರಲ್ಲಿ ‘ನೀವು ತಪ್ಪು ಮಾಡಿದ್ದೀರಿ, ಆದರೆ ಕ್ರಮ ಇಲ್ಲ’ ಅಂತ ಕಡತ ಮುಚ್ಚಿತು. ಎಲ್ಲಿ ತಪ್ಪಿದ್ದು ಅಂತ ಬಿಡಿಸಿ ಹೇಳಿ ಅಂದರು ಚರ್ಚಿನವರು. ನ್ಯಾಯವಾದ ಪ್ರಶ್ನೆಯೇ.

ಇನ್ನೊಂದು ಕಡೆ, ಬೇಕಂತಲೇ ಕೆಣಕಿದವರಿಗೆ ಏನೂ ಆಗಲಿಲ್ಲ. 2008ರಲ್ಲಿ 33 ಪಾದ್ರಿಗಳು ಒಂದೇ ಭಾನುವಾರ ಅಭ್ಯರ್ಥಿಗಳ ಹೆಸರೆತ್ತಿ ಪ್ರವಚನ ಕೊಟ್ಟರು. ಕೇಸು ಹಾಕಿ, ಕೋರ್ಟಿನಲ್ಲಿ ನೋಡಿಕೊಳ್ಳೋಣ ಅನ್ನುವುದು ಅವರ ಹಿಂದಿದ್ದ ವಕೀಲರ ಸಂಘಟನೆಯ ಲೆಕ್ಕಾಚಾರ. ಪ್ರವಚನದ ಪ್ರತಿಗಳನ್ನು ತಾವೇ ಐಆರ್‌ಎಸ್‌ಗೆ ಕಳಿಸಿದರು. 2012ರ ಹೊತ್ತಿಗೆ ಹೀಗೆ ಮಾಡುವವರ ಸಂಖ್ಯೆ 1,500 ದಾಟಿತ್ತು. ಐಆರ್‌ಎಸ್ ಬಲೆಗೆ ಬೀಳಲಿಲ್ಲ.

ಟ್ರಂಪ್ ಈ ಕಾನೂನನ್ನು ಕಿತ್ತುಹಾಕುತ್ತೇನೆ ಅಂತ 2017ರ ಫೆಬ್ರವರಿಯಲ್ಲೇ ಹೇಳಿದ್ದರು. ಮೇನಲ್ಲಿ ಆದೇಶವನ್ನೂ ಹೊರಡಿಸಿದರು. ಆದರೆ ಸಂಸತ್ತು ಮಾಡಿದ ಕಾನೂನು ಅಧ್ಯಕ್ಷರ ಸಹಿಯಿಂದ ಹೋಗುವುದಿಲ್ಲ. ಅದೇ ವರ್ಷದ ತೆರಿಗೆ ಮಸೂದೆಯಲ್ಲಿ ಇದನ್ನು ಸಡಿಲಿಸುವ ಯತ್ನವೂ ಸೆನೆಟ್ ನಿಯಮಗಳಿಗೆ ಸಿಕ್ಕಿ ಬಿದ್ದುಹೋಯಿತು. 2024ರಲ್ಲಿ ಟೆಕ್ಸಾಸ್‌ನ ಎರಡು ಚರ್ಚುಗಳು ಮತ್ತು ಧಾರ್ಮಿಕ ಪ್ರಸಾರಕರ ಒಂದು ಸಂಘ ಸೇರಿ ಐಆರ್‌ಎಸ್ ಮೇಲೆ ಕೇಸು ಹಾಕಿದವು. 2025ರ ಜುಲೈನಲ್ಲಿ ಐಆರ್‌ಎಸ್ ಎಲ್ಲರೂ ಬೆರಗಾಗುವ ಹಾಗೆ ಎದುರಾಳಿಗಳ ಜೊತೆಗೇ ನಿಂತು ರಾಜಿ ಅರ್ಜಿ ಕೊಟ್ಟಿತು. ಪ್ರಾರ್ಥನೆಯ ಸಂದರ್ಭದಲ್ಲಿ, ತಮ್ಮ ಮಾಮೂಲಿ ಮಾಧ್ಯಮದ ಮೂಲಕ, ನಂಬಿಕೆಯ ದೃಷ್ಟಿಯಿಂದ ತಮ್ಮ ಭಕ್ತರಿಗೆ ಅಭ್ಯರ್ಥಿಗಳ ಬಗ್ಗೆ ಹೇಳಿದರೆ ಅದು ಪ್ರಚಾರವಲ್ಲ, ಮನೆಯೊಳಗೆ ಕುಟುಂಬದವರು ಮಾತಾಡಿಕೊಂಡ ಹಾಗೆ ಅಂತ ಅದರಲ್ಲಿ ಒಪ್ಪಿಕೊಂಡಿತು.

ಪತ್ರಿಕೆಗಳು ‘ಚರ್ಚುಗಳಿಗೆ ಪೂರ್ತಿ ಸ್ವಾತಂತ್ರ್ಯ’ ಅನ್ನುವ ಧಾಟಿಯಲ್ಲಿ ಬರೆದವು. ಅದು ಹಾಗಲ್ಲ. ಅರ್ಜಿಯಲ್ಲಿ ಕೇಳಿದ್ದು ಕೇಸು ಹಾಕಿದ ಆ ಎರಡು ಚರ್ಚುಗಳಿಗೆ ಅನ್ವಯಿಸುವ ಆದೇಶವನ್ನು. 1954ರ ಕಾನೂನಿನ ಒಂದು ಅಕ್ಷರವೂ ಅದರಿಂದ ಬದಲಾಗಲಿಲ್ಲ. ಜಾಹೀರಾತು ಕೊಡುವುದು, ಅಭ್ಯರ್ಥಿಗೆ ಹಣ ಕೊಡುವುದು ಅದರ ವ್ಯಾಪ್ತಿಗೇ ಬರುವುದಿಲ್ಲ. ಆದರೂ ಸರ್ಕಾರ ಯಾವ ಕಡೆ ವಾಲಿದೆ ಅನ್ನುವುದಂತೂ ಗೊತ್ತಾಯಿತು.

ಪಾದ್ರಿಯ ಒಂದು ಮಾತಿನಿಂದ ಚುನಾವಣೆ ಕೆಡುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ. ನನ್ನ ಆತಂಕ ದುಡ್ಡಿನದು. ಅಭ್ಯರ್ಥಿಯ ಪ್ರಚಾರಕ್ಕೆ ನೇರವಾಗಿ ಹಣ ಕೊಟ್ಟರೆ ತೆರಿಗೆ ಕಡಿತ ಸಿಗುವುದಿಲ್ಲ. ಮೊತ್ತ ಜಾಸ್ತಿ ಇದ್ದರೆ ಕೊಟ್ಟವರ ಹೆಸರೂ ಬಹಿರಂಗವಾಗುತ್ತದೆ. ಚರ್ಚಿಗೆ ಕೊಟ್ಟರೆ ಕಡಿತ ಸಿಗುತ್ತದೆ, ಹೆಸರು ಹೊರಬರುವುದಿಲ್ಲ. ಬೇರೆ ಸಂಸ್ಥೆಗಳು ಪ್ರತಿವರ್ಷ ಫಾರ್ಮ್ 990 ಸಲ್ಲಿಸಿ ಲೆಕ್ಕ ತೋರಿಸಬೇಕು. ಚರ್ಚು ಅದನ್ನೂ ಸಲ್ಲಿಸಬೇಕಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ತಡೆ ಪೂರ್ತಿ ತೆಗೆದರೆ ರಾಜಕೀಯ ಹಣ ಸಾಗಿಸಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಪಾದ್ರಿಯ ವಾಕ್ ಸ್ವಾತಂತ್ರ್ಯದ ಬಗ್ಗೆ ಕಾಳಜಿ ಇರುವವರು ಫಾರ್ಮ್ 990ರ ಬಗ್ಗೆಯೂ ಒಂದು ಮಾತು ಆಡಿದರೆ ಚೆನ್ನಾಗಿತ್ತು.

ಅಮೆರಿಕದಲ್ಲಿ ದೇವಸ್ಥಾನದ ಕಮಿಟಿಯಲ್ಲಿರುವ ಓದುಗರೂ ಇದನ್ನೇ ಬೇರೆ ರೀತಿಯಲ್ಲಿ ಕೇಳುತ್ತಾರೆ. ಕಾನೂನಿನಲ್ಲಿ ಚರ್ಚು ಅಂದರೆ ದೇವಸ್ಥಾನ, ಮಸೀದಿ, ಗುರುದ್ವಾರ, ಯಹೂದಿ ಮಂದಿರ ಎಲ್ಲವೂ ಸೇರುತ್ತವೆ. ಹಬ್ಬದ ದಿನ ಸ್ಥಳೀಯ ಅಭ್ಯರ್ಥಿ ಬಂದರೆ ಸ್ವಾಗತಿಸಿ, ಪ್ರಸಾದ ಕೊಡಿ. ಈಗಾಗಲೇ ಹುದ್ದೆಯಲ್ಲಿರುವವರಾದರೆ ಆ ಹುದ್ದೆಯ ಹೆಸರಿನಲ್ಲಿ ಪರಿಚಯಿಸಿ, ಚುನಾವಣೆಯ ಮಾತು ಎತ್ತಬೇಡಿ. ಅಲ್ಲಿ ಪ್ರಚಾರಕ್ಕೆ ಚಂದಾ ಎತ್ತಲು ಬಿಡಬೇಡಿ. ದೇವಸ್ಥಾನದ ಇಮೇಲ್ ಪಟ್ಟಿಯನ್ನು ಯಾವ ಅಭ್ಯರ್ಥಿಗೂ ಪುಕ್ಕಟೆಯಾಗಿ ಕೊಡಬೇಡಿ. ಅಧ್ಯಕ್ಷರು ಅಥವಾ ಅರ್ಚಕರು ತಮ್ಮ ಮನೆಯ ಅಂಗಳದಲ್ಲಿ ಯಾರ ಬೋರ್ಡು ನೆಡುತ್ತಾರೆ ಅನ್ನುವುದು ಅವರಿಗೆ ಬಿಟ್ಟದ್ದು. ದೇವಸ್ಥಾನದ ಅಂಗಳದಲ್ಲಿ ಮಾತ್ರ ಯಾರದೂ ಬೇಡ.