ಗಿಡದ ಬೆಳಗು ತಡವಾಗಬಾರದು

ದೀಪದಡಿ ಗಿಡ ಬೆಳೆಸುವವರು ಬೆಳಕು ಎಷ್ಟು ಗಂಟೆ ಎಂದು ಲೆಕ್ಕ ಇಡುತ್ತಾರೆ, ಎಷ್ಟು ಹೊತ್ತಿಗೆ ಹತ್ತುತ್ತದೆ ಎಂದು ಗಮನಿಸುವವರು ಕಡಿಮೆ. ಗಿಡಕ್ಕೆ ಎರಡೂ ಬೇಕು. ಮುಟ್ಟಿದರೆ ಮುನಿಯನ್ನು ಕತ್ತಲಲ್ಲಿಟ್ಟರೂ ಅದರ ಎಲೆ ಹಗಲಲ್ಲಿ ಬಿಚ್ಚಿ ರಾತ್ರಿ ಮಡಚಿಕೊಳ್ಳುವುದನ್ನು ಫ್ರಾನ್ಸಿನ ಖಗೋಳಜ್ಞ ಡಿ ಮೈರಾನ್ 1729ರಲ್ಲೇ ಕಂಡಿದ್ದರು. ಅಂದರೆ ಹೊತ್ತಿನ ಲೆಕ್ಕ ಇಡುವ ಗಡಿಯಾರ ಗಿಡದ ಜೀವಕೋಶದೊಳಗೇ ಇದೆ. ಸಾಸಿವೆಯ ಬಳಗದ ಅರಬಿಡಾಪ್ಸಿಸ್‌ನಲ್ಲಿ ಸಿಸಿಎ1, ಎಲ್‌ಎಚ್‌ವೈ ಎಂಬ ಪ್ರೋಟೀನುಗಳು ಬೆಳಗಿನ ಹೊತ್ತಿಗೆ ಏರಿ ಟಿಒಸಿ1 ಜೀನನ್ನು ಅದುಮಿಡುತ್ತವೆ. ಅವು ಇಳಿದಂತೆ ಸಂಜೆ ಟಿಒಸಿ1 ಮೇಲೆದ್ದು ಅವನ್ನು ಅದುಮುತ್ತದೆ. ಇಂಥ ಒಂದು ಸುತ್ತು ಮುಗಿಯಲು ಸುಮಾರು 24 ಗಂಟೆ. ಹೆಚ್ಚುಕಡಿಮೆಯನ್ನು ದಿನದಿನದ ಬೆಳಕು ಸರಿಪಡಿಸುತ್ತದೆ.

ಈ ಗಡಿಯಾರದ ನಿಜವಾದ ಉಪಯೋಗ ಕಾಣುವುದು ಪಿಷ್ಟದ ಖರ್ಚಿನಲ್ಲಿ. ಹಗಲು ಎಲೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಅರಬಿಡಾಪ್ಸಿಸ್ ರಾತ್ರಿಯಿಡೀ ಒಂದೇ ವೇಗದಲ್ಲಿ ಕರಗಿಸಿ, ಬೆಳಗಾಗುವಾಗ ಶೇ. 95ರಷ್ಟನ್ನು ಮುಗಿಸಿರುತ್ತದೆ. ದೀಪ ನಾಲ್ಕು ಗಂಟೆ ಮೊದಲೇ ಆರಿದರೆ ಆ ರಾತ್ರಿಯೇ ಖರ್ಚಿನ ವೇಗ ತಗ್ಗಿಸಿ, ಬೆಳಗಿನವರೆಗೂ ಸರಿದೂಗಿಸುತ್ತದೆ. ಬೆಳಗೇ ತಡವಾದರೆ ಮಾತ್ರ ಉಪಾಯವಿಲ್ಲ, ದಾಸ್ತಾನು ಖಾಲಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಆದ್ದರಿಂದ ಬೆಳಕು ಕಡಿತ ಮಾಡಲೇಬೇಕಾದರೆ ಸಂಜೆಯ ಕಡೆಯಿಂದ ಮಾಡಿ.

ಮುಳ್ಳು ತಿರುಗುವ ಹಳೆಯ ಟೈಮರ್‌ನ ತೊಂದರೆಯೂ ಇದೇ. ಕರೆಂಟು ಎರಡು ಗಂಟೆ ಹೋದರೆ ಅದು ನಿಂತುಬಿಡುತ್ತದೆ. ಯಾರಾದರೂ ಸರಿಮಾಡುವವರೆಗೆ ಪ್ರತಿದಿನ ದೀಪ ಎರಡು ಗಂಟೆ ತಡವಾಗಿ ಹತ್ತುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಹಾಕಿ. ವೇಳೆ ಬದಲಿಸಬೇಕೆಂದರೆ ದಿನಕ್ಕೊಂದು ಗಂಟೆಯಂತೆ ಸರಿಸಿ. 24 ಗಂಟೆಯೂ ಬೆಳಕು ಕೊಟ್ಟರೆ ಬೆಳೆ ಬೇಗ ಬರುತ್ತದೆಂದು ಟೊಮೆಟೊ ಗಿಡಕ್ಕೆ ಹಾಗೆ ಮಾಡಬೇಡಿ, ಎಲೆ ಮಚ್ಚೆಮಚ್ಚೆಯಾಗಿ ಹಳದಿಗಟ್ಟುತ್ತದೆ. ಕನಿಷ್ಠ ಆರು ಗಂಟೆ ಕತ್ತಲಿರಲಿ.

ಸೇವಂತಿಗೆಯದು ಇನ್ನೂ ಸೂಕ್ಷ್ಮ. ಮೊಗ್ಗು ಕಟ್ಟಲು ಅದಕ್ಕೆ ದಿನಾ ಸುಮಾರು 13 ಗಂಟೆ ಮುರಿಯದ ಕತ್ತಲು ಬೇಕು. ಮುಸ್ಸಂಜೆಯಲ್ಲಿ ಅಷ್ಟೇನೂ ಕೆಡಿಸದ ಬೆಳಕು ನಡುರಾತ್ರಿ ಬಿದ್ದರೆ ಮೊಗ್ಗು ಕಟ್ಟುವುದು ತಡವಾಗುತ್ತದೆ, ಏಕೆಂದರೆ ಗಿಡದ ಗಡಿಯಾರ ಬೆಳಕಿಗೆ ಹೆಚ್ಚು ಸ್ಪಂದಿಸುವುದು ಆ ಹೊತ್ತಿನಲ್ಲೇ. ಈ ಕತ್ತಲಿಗಾಗಿ ಗಿಡಗಳ ಮನೆಗೆ ಕಪ್ಪು ಹೊದಿಕೆ ಹಾಕಿದ ಮೇಲೆ ಹಗಲಲ್ಲೇ ಒಳಗೆ ಹೋಗಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಹತ್ತು ನಿಮಿಷ ನಿಂತು ನೋಡಿ: ಹೊಲಿಗೆಯ ತೂತು, ನೆಲದಂಚಿನ ಸಂದು ಆಗ ಕಾಣುತ್ತವೆ. ರಾತ್ರಿ ನೋಡಲು ಕೆಂಪು ಟಾರ್ಚ್ ಒಯ್ಯಬೇಡಿ. ಗಿಡದಲ್ಲಿ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಪ್ರೋಟೀನು ಬೇಗ ಎಚ್ಚೆತ್ತುಕೊಳ್ಳುವುದೇ 660 ನ್ಯಾನೋಮೀಟರ್ ಆಸುಪಾಸಿನ ಕೆಂಪಿಗೆ. ಮಂದ ಹಸಿರು ದೀಪ ಅದಕ್ಕಿಂತ ವಾಸಿ, ಅದೂ ಕ್ಷಣಕಾಲ ಮಾತ್ರ.